ಮೂರೇ ಕಾಲು

ಟಾರ್ಟುವಿನಲ್ಲಿ ಫೆಬ್ರವರಿ. ನದಿಯ ಮೇಲೆ ನಾಯಿ ನಡೆಯುತ್ತಿದೆ.
ಫ್ರೀಜರಿನೊಳಗೆ ಮೈನಸ್ ಎಂಬತ್ತು,
ಹೊರಗೆ ಮೈನಸ್ ಹತ್ತೊಂಬತ್ತು;
ಅಂದರೆ ಸೆಕೆ, ಅನ್ನುತ್ತಾಳೆ ಹೆಲ್ವೆ.

ಕಿರುಬೆರಳಿಗಿಂತ ಸಣ್ಣ ಸೀಸೆ. ಚೀಟಿಯಲ್ಲಿ:
ಮೊಲ ೪೪೧೭, ಕೊನೆಯ ರಕ್ತ.
ಚಳಿಯನ್ನು ಅರಿಯುವ ಪ್ರೋಟೀನಿಗೆ.

ಚಳಿ ಅನ್ನುವುದು ನರದ ತುದಿಯಲ್ಲೊಂದು ಬಾಗಿಲು,
ಪುದೀನ ತಟ್ಟಿದರೂ ತೆರೆಯುತ್ತದಂತೆ.
ಆ ಬಾಗಿಲಿನ ಒಂದು ಚೂರು, ಹದಿನೈದೇ ಮಣಿಗಳ ಸರ,
ಕಡಲ ಬಸವನಹುಳುವಿನ ನೀಲಿ ನೆತ್ತರಿಗೆ ಹೊರಿಸಿ
ಮೊಲದ ಚರ್ಮದಡಿ ಬಿಟ್ಟಿದ್ದರು, ಒಂಬತ್ತು ವರ್ಷದ ಹಿಂದೆ.
ಮೊಲಕ್ಕೇನು ಗೊತ್ತು ಪ್ರಬಂಧ, ಅನುದಾನ?
ಮನೆಗೆ ಕಳ್ಳ ನುಗ್ಗಿದ ಅಂದುಕೊಂಡಿತು.
ಒಳಗೆ ನೂರು ಕಮ್ಮಾರರನ್ನು ಎಬ್ಬಿಸಿ
ನೂರು ಬಗೆಯ ಚಿಮಟ ಬಡಿಸಿತು,
ಒಬ್ಬೊಬ್ಬನದು ಒಂದೊಂದು ಹಿಡಿತ.

ಹೆಸರಿಡಬಾರದೆಂದು ನಿಯಮ.
ಹೆಲ್ವೆ ಇಟ್ಟಿದ್ದಳು: ಹಲ್ಲ್.
ಅವಳ ಭಾಷೆಯಲ್ಲಿ ಬೂದು, ಕಿಟಕಿಗೆ ಹಿಡಿಯುವ ಮಂಜುಹುಡಿಯೂ ಅದೇ;
ನನ್ನ ಕಿವಿಗೆ ಮಾತ್ರ ಹಲ್ಲು.
ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡು
ಉದ್ದ ಕಿವಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ
ನರ ಹುಡುಕುತ್ತಿದ್ದಳಂತೆ.
ಕೊನೆಯ ಸಲ ಪೂರ್ತಿ ತೆಗೆಯಬೇಕಿತ್ತು.
ಅವತ್ತು ಊಟಕ್ಕೆ ಹೋಗಲಿಲ್ಲ. ಇಷ್ಟೇ ಹೇಳಿದಳು.

ಇಲಿಯ ನರಗಂಟನ್ನು ಅರೆದು, ಕುದಿಸಿ, ಕರೆಂಟಿನಲ್ಲಿ ಓಡಿಸಿ
ಟಾಯ್ವೊ ಬಿಳಿ ಪೊರೆಗೆ ಇಳಿಸಿದ್ದಾನೆ.
ಪೊರೆಗೆ ಮೊದಲು ಹಸುವಿನ ಹಾಲಪುಡಿ,
ಆಮೇಲೆ ಮೊಲ, ಮೊಲವನ್ನು ಹಿಡಿಯಲು ಮೇಕೆ,
ಮೇಕೆಯ ಕೊರಳಿಗೆ ಗಂಟೆಯ ಹಾಗೆ
ಖಾರದ ಬೇರಿನ ಕಿಣ್ವ.
(ಹೆಲ್ವೆಯ ಹಿತ್ತಲಲ್ಲೂ ಉಂಟು ಆ ಬೇರು,
ಹಂದಿಮಾಂಸಕ್ಕೆ ತುರಿದಿಡುತ್ತಾಳೆ, ಕಣ್ಣೀರು ಬರುವಷ್ಟು.)
ಅಜ್ಜಿಕತೆಯಲ್ಲೂ ಇಷ್ಟು ಜನ ಒಂದೇ ತಟ್ಟೆಗೆ ಕೂಡಿದ್ದಿಲ್ಲ.

ಕತ್ತಲೆಕೋಣೆಯಲ್ಲಿ ಗೆರೆ ಮೂಡಿತು. ದಪ್ಪ, ಕಪ್ಪು, ನಂಬಿಕಸ್ತ.
ಆರು ಪ್ರಬಂಧ, ಟಾಯ್ವೊನ ಡಾಕ್ಟರೇಟು
ಈ ಗೆರೆಯ ಮೇಲೇ ನಿಂತಿವೆ.

ಈ ಸಲ ಕೊನೆಯ ಸಾಲಿನಲ್ಲಿ
ಆ ಬಾಗಿಲೇ ಇಲ್ಲದೆ ಹುಟ್ಟಿಸಿದ ಇಲಿ;
ಯಾರೋ ಪರಿಶೀಲಕ ಕೇಳಿದನೆಂದು ತರಿಸಿದ್ದು.
ಅಲ್ಲಿ ಗೆರೆ ಇರಬಾರದು.
ಇತ್ತು. ಅಷ್ಟೇ ದಪ್ಪ, ಅಷ್ಟೇ ಕಪ್ಪು.

ಮೊಲದ ಕೊಂಬು.

ಟಾಯ್ವೊ ಕೂತುಬಿಟ್ಟ.
ಹೆಲ್ವೆ ಕನ್ನಡಕ ಹಣೆಗೇರಿಸಿ ಬಾಗಿದಳು:
ಮೇಲಿನದು ಏನು, ಇದು?
ಗಾಜಿನ ಮೇಲೆ ಬಿಟ್ಟ ಉಸಿರಿನಂಥದ್ದು.
ಮೊದಲ ವರ್ಷವೂ ಕೇಳಿದ್ದಳು. ಕೊಳೆ, ಅಂದಿದ್ದ.
ಪ್ರತಿ ಚಿತ್ರದಿಂದಲೂ ಕತ್ತರಿಸಿ ಎಸೆದಿದ್ದ.
ಉಳಿದ ಇಲಿಗಳೆಲ್ಲದರಲ್ಲೂ ಇದೆ.
ಬಾಗಿಲಿಲ್ಲದ ಇಲಿಯಲ್ಲಿ ಮಾತ್ರ ಇಲ್ಲ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ
ಇಷ್ಟು ವರ್ಷ ಹಟ ಹಿಡಿದದ್ದು ಮೊಲವಲ್ಲ.
ಅದು ಬಡಿಸಿದ ಚಿಮಟಕ್ಕೆ ಮೂರೇ ಕಾಲು, ಅದು ನಿಜ:
ಎರಡು ಹಿಡಿಯಲು, ಒಂದು ನಿಲ್ಲಲು.
ಹೆಚ್ಚಿನವು ಯಾರದೋ ಕಾಲು ಹಿಡಿದವು.
ನಾಲ್ಕೈದು ಮಾತ್ರ ಸರಿಯಾದ ಬಾಗಿಲಿಗೆ ಜೋತು
ಮೆಲ್ಲಗೆ ಹೇಳುತ್ತಲೇ ಇದ್ದವು.

ಇನ್ನೆರಡು ಸೀಸೆ. ಬೇರೆ ಮೊಲ ಬೇರೆ ಕಮ್ಮಾರರನ್ನು ಎಬ್ಬಿಸುತ್ತದೆ.

ಎತ್ತಿಡುವಾಗ ಹೆಲ್ವೆ ಕೈಗವಸು ಮರೆತಳು.
ಬೆರಳ ತುದಿಯ ಬಾಗಿಲುಗಳೆಲ್ಲ ಒಟ್ಟಿಗೇ ತೆರೆದವು.
ಹಲ್ಲ್, ಅಂದಳು.
ಸೀಸೆಯ ಮೇಲಿನ ಮಂಜುಹುಡಿ ಇರಬೇಕೆಂದು
ಟಾಯ್ವೊ ಒರೆಸಿಕೊಟ್ಟ.