ಓಲ್ಡಮ್ಮನ ತವರು

ಆ ಊರನ್ನು ನಾನು ಮೊದಲು ಓದಿದ್ದು ಭೂಗೋಳದ ಪುಸ್ತಕದಲ್ಲಲ್ಲ,
ದಾವಣಗೆರೆಯ ನೂಲಿನ ಗಿರಣಿಯಲ್ಲಿ,
ಏಳನೇ ಫ್ರೇಮಿನ ಎಡಗಾಲಿನ ಮೇಲೆ,
ಗ್ರೀಸಿನ ಕೆಳಗೆ, ಎರಕದ ಉಬ್ಬಕ್ಷರದಲ್ಲಿ.
ಊಟದ ಡಬ್ಬಿ ಕೊಡಲು ಹೋಗಿದ್ದೆ.
ಫಿಟರ್ ಪಾಲಯ್ಯ ಮಾಮ ಚಿಂದಿಯಿಂದ ಒರೆಸಿ
"ಓದಲೇ, ಇಂಗ್ಲಿಷ್ ಕಲಿತೀಯಲ್ಲ" ಅಂದ.
ಒಂದೊಂದೇ ಅಕ್ಷರ ಕೂಡಿಸಿ ಕೂಗಿದೆ:
ಓಲ್ಡಮ್ಮ!

ಮೂರೂ ಪಾಳಿಗೆ ಅದೇ ಹೆಸರು ನಿಂತಿತು.
ನಮ್ಮ ದುಗ್ಗಮ್ಮನಿಗೆ ದೂರದ ತಂಗಿ,
ನಾನೂರು ಕದಿರಿನ ಕೈಯವಳು.
ಆಯುಧಪೂಜೆಗೆ ಬೂದುಗುಂಬಳ, ವಿಭೂತಿ,
ಹಲ್ಲಿನ ಚಕ್ರಕ್ಕೊಂದು ಚೆಂಡುಹೂವು.

ಅವಳ ಊರು ಎಲ್ಲಿ?
ಸ್ಪಿನ್ನಿಂಗ್ ಮಾಸ್ಟರ್ ನರೋನಾಗೆ ಗೊತ್ತಿತ್ತು, ಅಥವಾ ಗೊತ್ತಿದ್ದಂತೆ ಹೇಳಿದ:
ಗುಡ್ಡದ ಬೆನ್ನಿನ ಮೇಲೆ, ಕೆಂಪು ಇಟ್ಟಿಗೆ,
ಬಾಗಿಲಿಗೆ ಬಾಗಿಲು ಹತ್ತಿದ ಸಾಲು ಮನೆ,
ನೂರಾರು ಚಿಮಣಿ,
ಸೂರ್ಯ ಕೂಡ ರಜೆ ಚೀಟಿ ಬರೆದು ಬರುತ್ತಾನೆ.
ಗಾಳಿಯೇ ಒದ್ದೆ, ಅದಕ್ಕೇ ಎಳೆ ಕಡಿಯೋದಿಲ್ಲ.

ನಮ್ಮದು ದುರ್ಗದ ಕಡೆಯಿಂದ ಬೀಸುವ ಒಣಗಾಳಿ,
ಮಾತಾಡಿದರೂ ತುಟಿ ಒಡೆಯುತ್ತದೆ.
ಸೂರಿಗೆ ಕೊಳವೆ ಹಾಕಿ ಮಂಜು ಊದುತ್ತಿದ್ದರು.
ಹೊರಗೆ ಪಿ.ಬಿ. ರಸ್ತೆಯ ಟಾರು ಚಪ್ಪಲಿ ಕೀಳುವಾಗ
ಒಳಗೆ ಅವರೂರಿನ ಸೋನೆ.
"ಇಲ್ಲಿ ನಿಂತ್ರೆ ಇಂಗ್ಲೆಂಡು, ಬಾಗಿಲು ದಾಟಿದ್ರೆ ಮಂಡಿಪೇಟೆ"
ಅನ್ನುತ್ತಿದ್ದ ಮಾಮ, ತಲೆಗೂದಲಲ್ಲಿ ಹತ್ತಿಯ ಹಿಮ.

ಅವನ ಅಜ್ಜನ ಕಾಲಕ್ಕೆ ಹತ್ತಿ ಮಾತ್ರ ಹೋಗುತ್ತಿತ್ತಂತೆ,
ಎರೆ ಹೊಲದಿಂದ ಗಾಡಿ, ಗಾಡಿಯಿಂದ ರೈಲು, ರೈಲಿನಿಂದ ಹಡಗು.
ಬಣ್ಣದ ಚೀಟಿ ಅಂಟಿಸಿಕೊಂಡು ಪಂಚೆಯಾಗಿ ಮರಳಿತು;
ಕಳಿಸಿದವರೇ ಕೊಂಡುಟ್ಟರು.
ಆಮೇಲೆ ಹತ್ತಿ ಹೋದ ದಾರಿಯಲ್ಲೇ ಓಲ್ಡಮ್ಮ ಬಂದಳು.
ಕುದುರೆಗೆ ದಾವಣಿ ಕಟ್ಟಿದ ಕೆರೆಯಂತೆ ನಮ್ಮೂರು.
ಇವಳನ್ನೂ ಕಟ್ಟಿದರು,
ನೆಲಕ್ಕೆ ಎಂಟು ಬೋಲ್ಟು ಬಿಗಿದು.

ಒಂದು ವರ್ಷ ಚಕ್ರದ ಹಲ್ಲು ಮುರಿಯಿತು.
ಹೆಡ್ ಕ್ಲರ್ಕಿನ ಕಾಲು ಹಿಡಿದು ಕಾಗದ ಬರೆಸಿದ,
ಅಳತೆ, ಹಲ್ಲಿನ ಲೆಕ್ಕ, ಕೊನೆಗೆ "ತಮ್ಮ ವಿಧೇಯ".
ನಾಲ್ಕು ತಿಂಗಳಿಗೆ ಉತ್ತರ, ರಾಣಿಯ ತಲೆ ಹೊತ್ತು:
ಆ ಕಾರ್ಖಾನೆಗೆ ಬೀಗ ಬಿದ್ದಿದೆ,
ಪೆಟ್ಟಿಗೆ ಪಟ್ಟಿ ಏನೂ ಉಳಿದಿಲ್ಲ, ಕ್ಷಮಿಸಿ.
ಮಾಮ ಮಡಿಚಿ ಜೇಬಿಗಿಟ್ಟ.
ತವರು ಮುಚ್ಚಿದ ಸುದ್ದಿ ಹೆಣ್ಣಿಗೆ ಹೇಳುವವರುಂಟೆ?
ಹರಿಹರದ ಲೇಥಿನಲ್ಲಿ ಹೊಸ ಹಲ್ಲು ಕಡೆಸಿದ,
ಅವತ್ತು ಎರಡು ಹನಿ ಎಣ್ಣೆ ಜಾಸ್ತಿ.

ಆಮೇಲಿನದು ನಿಮಗೂ ಗೊತ್ತು.
ಒಂದು ಬೆಳಗು ಭೋಂಗಾ ಕೂಗಲಿಲ್ಲ,
ಆರಕ್ಕೇ ಹಂಚು ಕಾಯಿಸುತ್ತಿದ್ದ ದೋಸೆಯವನು
ಎಂಟರವರೆಗೆ ಮಲಗಿದ.
ಗುಜರಿ ಖಾದರ್‌ವಲಿ ಸುತ್ತಿಗೆ ತಂದ.
ಹನ್ನೊಂದು ಕೆಜಿ ತೂಗಿತು ಆ ಎಡಗಾಲು.
ಮಾಮ ಚೌಕಾಸಿ ಮಾಡದೆ ಕೊಂಡ.

ಈಗದು ಮಂಡಕ್ಕಿ ಭಟ್ಟಿಯಲ್ಲಿ,
ಗೌಸಿಯಾಬಿಯ ತಗಡಿನ ಬಾಗಿಲಿಗೆ ಒರಗಿದೆ,
ಗಾಳಿಗೆ ಬಡಿಯದಂತೆ.
ಹೊಟ್ಟಿನ ಹೊಗೆಗೆ ಅಕ್ಷರ ಇನ್ನಷ್ಟು ಕಪ್ಪು.
ಮಾಮ ಅಲ್ಲೇ ಮೂಟೆ ಹೊಲಿಯುತ್ತಾನೆ.
ಕದಿರಿನ ಸದ್ದು ಕಿವಿ ತಿಂದಿತ್ತು;
ತುಟಿ ನೋಡಿ ಮಾತು ತಿಳಿಯುತ್ತಾನೆ.

ಮೊನ್ನೆ ಮೊಬೈಲಿನಲ್ಲಿ ಆ ಊರು ತೆಗೆದು ತೋರಿಸಿದೆ.
ಗುಡ್ಡ ಇತ್ತು. ಇಟ್ಟಿಗೆ ಇತ್ತು.
ಚಿಮಣಿ ಎಣಿಸಿದ, ಒಂದೇ.
ಬಸ್ ಸ್ಟಾಪಿನಲ್ಲಿ ದುಪಟ್ಟಾ ಹೊದ್ದ ಹೆಂಗಸೊಬ್ಬಳು
ಚೀಲ ಹಿಡಿದು ನಿಂತಿದ್ದಳು,
"ಗೌಸಿಯಾಬಿ ಅಲ್ಲಿಗ್ಯಾವಾಗ ಹೋದ್ಲಲೇ?"
ಚಿತ್ರದ ಗಾಜಿನ ಮೇಲೆ ಮಳೆಹನಿ.

ಮಾಮ ಹೆಗಲ ಟವೆಲಿನ ತುದಿ ಹಿಡಿದು
ಹನಿ ಒರೆಸಲು ಹೋದ.
ಊರು ಜಾರಿತು.
ಬೆರಳಡಿ ರಸ್ತೆ ಓಡಿದವು, ಹೊಲ ಓಡಿದವು,
ಪರದೆ ತುಂಬ ಬೂದು ಸಮುದ್ರ.

"ಹಡಗಿನ ದಾರಿ" ಅಂದ,
ಮೊಬೈಲು ವಾಪಸು ಕೊಡದೆ.