ಬಲಬದಿಯ ಸವೆತ

ಐಲಿ ಕಾಂಗಸ್ ಕೇಳಿದ್ದು ಇಷ್ಟೇ:
"ಹೊಳೆಯಬಾರದು."

ಬೇರೆಯವರು ಹಳೆಯ ಗಾಡಿ ತಂದು
ಥಳಥಳ ಮಾಡಿಕೊಡು ಅನ್ನುತ್ತಾರೆ.
ಈಕೆಗೆ ಎಪ್ಪತ್ತೆರಡು, ಪೊರೆ ತೆಗೆಸಿದ ಕಣ್ಣು.
ಡ್ಯಾಶ್‌ಬೋರ್ಡಿನ ಬೆಳ್ಳಿ ಅಂಚು
ಮುಂಜಾನೆಯ ಸೂರ್ಯನನ್ನು ಹಿಡಿದು
ನೇರ ಮುಖಕ್ಕೇ ಎಸೆಯುತ್ತದಂತೆ.
ಸುಪೀರಿಯರ್ ಸರೋವರ ಹೆಪ್ಪುಗಟ್ಟಿದ ದಿನವಂತೂ
ಎರಡೆರಡು ಸೂರ್ಯ.

ಎಂಬತ್ನಾಲ್ಕರ ಪಿಕಪ್ಪು.
ಬ್ಯಾಟರಿಯ ತಂತಿ ಬಿಚ್ಚಿದೆ,
ಸೀಮೆಎಣ್ಣೆಯ ಹೀಟರ್ ಹಚ್ಚಿ ಒಂದು ಗಂಟೆ ಕಾದೆ.
ಮಿಶಿಗನ್ನಿನ ಈ ಚಳಿಗೆ ಸೆಟೆದ ಪ್ಲಾಸ್ಟಿಕ್ಕು
ಹಪ್ಪಳದ ಜಾತಿ,
ಅವಸರಪಟ್ಟರೆ ಲಟಕ್.
ಸ್ಕ್ರೂ ಏಳು. ಆರು ಒಂದೇ ಮನೆಯವು.
ಏಳನೆಯದು ಯಾರದೋ ಅಡುಗೆಮನೆಯ ಬೀರುವಿನದು,
ದತ್ತು ಬಂದದ್ದು,
ಎಲ್ಲಕ್ಕಿಂತ ಬಿಗಿಯಾಗಿ ಕಚ್ಚಿಕೊಂಡಿತ್ತು.

ಅಂಚನ್ನು ಬೆಂಚಿನ ಮೇಲೆ ಉದ್ದಕ್ಕೆ ಮಲಗಿಸಿದಾಗ ಕಂಡಿತು:
ಸವೆದದ್ದು ಬಲಬದಿ.
ಎಡಕ್ಕೆ, ಸ್ಟೀರಿಂಗಿನ ಹತ್ತಿರ,
ಕಾರ್ಖಾನೆಯ ಬೆಳ್ಳಿ ಹಾಗೇ ಇದೆ,
ಉಡುಗೊರೆ ಬಂದು ಅಟ್ಟ ಸೇರಿದ ತಟ್ಟೆಯಂತೆ.
ಬಲಕ್ಕೆ, ಪಕ್ಕದವರು ಕೂರುವಲ್ಲಿ,
ಬೆಳ್ಳಿ ಹೋಗಿ, ಬೆಳ್ಳಿಯಡಿಯ ತಾಮ್ರ ಹೋಗಿ,
ಕಪ್ಪು ಪ್ಲಾಸ್ಟಿಕ್ಕಿನಲ್ಲೇ ಒಂದು ಗುಳಿ.

ಯಾರೋ ಬಹಳ ವರ್ಷ ಇವಳ ಪಕ್ಕ ಕೂತಿದ್ದಾರೆ!
ಗಂಡ? ಮದುವೆಯೇ ಆಗಿಲ್ಲವಂತೆ.
ನಾಯಿ? ನಾಯಿಗೆ ಮೊಣಕೈ ಊರುವ ಚಟವಿಲ್ಲ.
ಈ ಊರಿಗೆ ನಾನು ಹೊಸಬ, ಕೇಳುವುದು ಯಾರನ್ನು?
ನಾನೂರನೇ ನಂಬರಿನ ಉಪ್ಪುಕಾಗದ ನೀರಿನಲ್ಲಿ ನೆನೆಸಿ
ಇಡೀ ಮಧ್ಯಾಹ್ನ
ಇನ್ನೊಬ್ಬರ ಗುಟ್ಟು ಉಜ್ಜುತ್ತಾ ಕೂತೆ.

ಸಂಜೆ ಬಂದವಳು ಹೊಟ್ಟೆ ಹಿಡಿದು ನಕ್ಕಳು.
"ನಾನೇ ಕಣಯ್ಯಾ.
ಟಪಾಲಿನ ಡಬ್ಬಿಗಳೆಲ್ಲ ರಸ್ತೆಯ ಬಲಕ್ಕೆ,
ಗಾಡಿಯ ಚಕ್ರ ಎಡಕ್ಕೆ."
ಬಲಸೀಟಿನಲ್ಲಿ ಕೂತು, ಎಡಗಾಲು ಚಾಚಿ ಪೆಡಲು ತುಳಿದು,
ಎಡಗೈಯ ಬೆರಳುಗಳಲ್ಲಿ ಸ್ಟೀರಿಂಗು,
ಬಲಗೈಯಲ್ಲಿ ಸಾವಿನ ಸುದ್ದಿ, ಬೀಜದ ಕ್ಯಾಟಲಾಗು, ಕರೆಂಟು ಬಿಲ್ಲು.
ದಿನಕ್ಕೆ ನಾನೂರ ಹನ್ನೆರಡು ಡಬ್ಬಿ,
ಇಪ್ಪತ್ತೊಂಬತ್ತು ವರ್ಷ.
ನಿವೃತ್ತಿಯಾಗಿ ಎಡಕ್ಕೆ ಸರಿದ ಮೇಲಷ್ಟೇ ಗೊತ್ತಾಯಿತಂತೆ
ಆ ಬದಿಯಲ್ಲಿ ಇಷ್ಟು ಬೆಳಕು ಕಾದಿತ್ತೆಂದು.
"ಈ ಸೊಂಟವೂ ಒಂದೇ ಕಡೆ ಸವೆದಿದೆ,
ಇದನ್ನೂ ಉಜ್ಜಿಕೊಡುತ್ತೀಯಾ?"

ಆಗ ತೋರಿಸಿದೆ, ಗಾಳಿಕಿಂಡಿಯ ಹಿಂದೆ ಸಿಕ್ಕಿದ್ದು:
ಹದಿನಾಲ್ಕು ರಬ್ಬರ್ ಬ್ಯಾಂಡು, ಒಣಗಿದ ಎರೆಹುಳುಗಳಂತೆ,
ಪೆನ್ನಿನ ಒಂದು ಟೋಪಿ,
ಒಂದು ಕಾರ್ಡು.

ನಗು ನಿಂತಿತು.

ಕಾರ್ಡಿನ ತುಂಬ ನಗುವ ಹಲ್ಲಿನ ಚಿತ್ರ.
ಮಾನ್ಯ ಉರ್ಹೊ ನಿಯೆಮಿ, ಆರು ತಿಂಗಳಾಯಿತು,
ಹಲ್ಲು ತೋರಿಸಿ ಹೋಗಿ.
ತಾರೀಖು, ತೊಂಬತ್ತೊಂದರ ಮಾರ್ಚಿ.

"ಒಂದೂ ತಪ್ಪಿಸಿಲ್ಲವೆಂದು ಬೀಳ್ಕೊಡುವ ದಿನ
ಕೇಕಿನ ಮೇಲೆ ಬರೆಸಿದ್ದರು," ಅಂದಳು.
ಕೈಗವಸು ಹಾಕಿಕೊಂಡಳು, ಮತ್ತೆ ತೆಗೆದಳು.
"ಎರಡು ತುಂಡು ತಿಂದೆ ನಾನು, ಆ ಕೇಕು."

ಮರುದಿನ ಗುಳಿಗೆ ಮೇಣ ತುಂಬಿದೆ, ಒಣಗಿಸಿದೆ,
ಆರುನೂರರ ಕಾಗದದಲ್ಲಿ ಸವರಿದೆ.
ಪ್ರೈಮರು. ಆಮೇಲೆ ಕಪ್ಪು,
ಒಲೆಯ ಮೇಲಿನ ಮಸಿಯಂಥ ಕಪ್ಪು,
ತೆಳ್ಳಗೆ ಮೂರು ಸಲ,
ಸಲಕ್ಕೊಮ್ಮೆ ಹೊರಗೆ ಹೋಗಿ ಉಸಿರಾಡಿ ಬಂದು.
ಹೀಟರಿನ ಗುಂಡಿಯ ಅಳಿಸಿಹೋದ ಅಕ್ಷರಗಳಿಗೆ
ಹಲ್ಲುಕಡ್ಡಿಯ ತುದಿಯಿಂದ ಬಿಳಿ.

ಶನಿವಾರ ಬಂದಳು.
ಎಡದ ಬಾಗಿಲು ತೆರೆದು ಹತ್ತಿ ಕೂತು
ದೀಪ ತಂದು ಹಿಡಿಯೆಂದಳು. ಹಿಡಿದೆ.
ಅಂಚು ಬೆಳಕನ್ನೆಲ್ಲ ನುಂಗಿ ಸುಮ್ಮನಿತ್ತು.
ಸರಿ, ಅಂತ ತಲೆಯಾಡಿಸಿ ದುಡ್ಡು ಎಣಿಸಿದಳು,
ಅಂಚೆಯವರ ಎಣಿಕೆ, ಬೆರಳು ನೆಕ್ಕದೆ.

ಆಮೇಲೆ ಸೀಟಿನುದ್ದಕ್ಕೂ ಜರುಗಿ ಬಲಕ್ಕೆ ಬಂದಳು.
ಮೊಣಕೈ ತಾನಾಗಿ ತನ್ನ ಜಾಗ ಹುಡುಕಿ ಊರಿತು.
ಜಾರಿತು.
ಗುಳಿ ಇರಲಿಲ್ಲ, ಅಷ್ಟು ನಯವಾಗಿ ಮುಚ್ಚಿದ್ದೆ.
ನನ್ನ ಕಸುಬಿನ ಬಗ್ಗೆ ನನಗೆ
ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

"ಇರಲಿ ಬಿಡು, ಮತ್ತೆ ಆಗುತ್ತೆ,
ಇನ್ನೊಂದು ಇಪ್ಪತ್ತೊಂಬತ್ತು ವರ್ಷ," ಅಂದಳು,
ಎಡಗಾಲು ಚಾಚಿ ಪೆಡಲು ಮುಟ್ಟಿ ನೋಡುತ್ತಾ.
"ಉರ್ಹೊಗೆ ಈಗ ಬಾಯಲ್ಲಿ ಒಂದು ಹಲ್ಲೂ ಇಲ್ಲ."

ಬಲಗಡೆಯ ಗಾಜು ಇಳಿಯಿತು,
ಮೈನಸ್ ಹನ್ನೆರಡರ ಗಾಳಿಗೆ.
ಕಾರ್ಡು ಅವಳ ಕೈಯಲ್ಲಿತ್ತು.