ಖಾಲಿ ಬೇರೆ, ಸೊನ್ನೆ ಬೇರೆ

ಕೆರಗೋಡಿನ ಡೈರಿ. ಬೆಳಗಿನ ಐದೂವರೆ.
ಮಗುಚಿಟ್ಟ ಕ್ಯಾನಿನ ಮೇಲೆ ನನ್ನ ಲ್ಯಾಪ್‌ಟಾಪು,
ಅದರ ಬೆಳಕಿಗೆ ಬಂದು ಬೀಳುವ ಹುಳು.
ಹದಿನಾಲ್ಕು ವರ್ಷದ ಹಾಲು ಒಳಗೆ
ಸಾಲು ಸಾಲಾಗಿ ಹೆಪ್ಪುಗಟ್ಟಿ ಕೂತಿದೆ:
ನಂಬರು, ತಾರೀಖು, ಲೀಟರು, ಫ್ಯಾಟು.
ಹೆಸರಿನ ಕೋಷ್ಟಕ ಬೇರೆ, ದನದ್ದು ಬೇರೆ,
ನಡುವೆ ಒಂದು ಅಂಕಿಯ ಹಗ್ಗ.

ನನ್ನ ಕೆಲಸ ಇಷ್ಟೆ,
ಸಾಲನ್ನು ಎಬ್ಬಿಸಿ ಆಳು ಮಾಡುವುದು.
ಇನ್ನೂರ ಹದಿನಾಲ್ಕು ಎಂದು ಕೂಗಿದರೆ
ಚೊಂಬು ಹಿಡಿದ ಸಣ್ಣತಾಯಮ್ಮ ಬರಬೇಕು;
ಎಮ್ಮೆ ಎಲ್ಲಿ ಎಂದು ಕೇಳಿದರೆ ಮಾತ್ರ
ಎಮ್ಮೆ ಕೊಟ್ಟಿಗೆಯಿಂದ ಹೊರಡಬೇಕು.
ಮೊದಮೊದಲು ಇದು ತಿಳಿದಿರಲಿಲ್ಲ.
ಒಬ್ಬಳನ್ನು ಕರೆದರೆ ಹಿಂದೆ ಎಮ್ಮೆ, ಎಮ್ಮೆಯ ಹಿಂದೆ ಕರು,
ಕರುವಿನ ಹಿಂದೆ ಒಡತಿ, ಒಡತಿಯ ಹಿಂದೆ ಮತ್ತದೇ ಎಮ್ಮೆ,
ಊರೆಲ್ಲ ಎದ್ದು ಬಂದು ಮೆಮೊರಿಯ ಬಾಗಿಲಲ್ಲಿ
ಸಿಕ್ಕಿಕೊಂಡು ನಿಂತಿತ್ತು.

ಎರಡು ಸಾಲಲ್ಲಿದ್ದ ದ್ಯಾವಮ್ಮ, ದೇವಮ್ಮ
ಒಬ್ಬಳೇ ಎಂದು ತಿಳಿಯಲು ಒಂದು ವಾರ ಹಿಡಿಯಿತು.

ಇವತ್ತು ಸಣ್ಣತಾಯಮ್ಮನ ಆಷಾಢದ ಲೆಕ್ಕದಲ್ಲಿ
ಹನ್ನೊಂದು ದಿನ ಸೊನ್ನೆ. ಬೋನಸ್ಸು ಮುರಿದಿದೆ.
ಕಾರ್ಯದರ್ಶಿ ಚಿಕ್ಕಬೋರಯ್ಯ ಕನ್ನಡಕ ಒರೆಸಿ
ಹಳೆಯ ರಟ್ಟಿನ ಪುಸ್ತಕ ಬಿಡಿಸಿದರು.
ಅಲ್ಲಿ ಸೊನ್ನೆಯೂ ಇಲ್ಲ.
ಗೆರೆಗಳ ನಡುವೆ ಬಿಳಿ, ಅಷ್ಟೆ.

"ಸೊನ್ನೆ ಅಂದ್ರೆ ತಂದಿದ್ಲು, ಬರೀ ನೀರು ಅಂತ ನಾನೇ ಚೆಲ್ದೆ.
ಖಾಲಿ ಅಂದ್ರೆ ಬರ್ನಿಲ್ಲ ಕಣವ್ವ.
ಮಗಳ ಹೆರಿಗೆ, ಮಂಡ್ಯದ ಆಸ್ಪತ್ರೆಲಿ ಇದ್ಲು,
ಹಾಲು ಅಕ್ಕಪಕ್ಕದೋರು ಕರ್ಕೊಂಡ್ರು.
ಎರಡ್ಕೂ ಒಂದೇ ಗುರ್ತು ಹಾಕ್ಬುಟ್ರೆ ಹೆಂಗೆ?"

ಹಾಕಿದ್ದು ನಾನೇ.
ಖಾಲಿ ಕಂಡಲ್ಲಿ ಸೊನ್ನೆ ತುಂಬು ಎಂದು
ಒಂದು ರಾತ್ರಿ, ಬೇಗ ಮಲಗುವ ಆಸೆಗೆ ಬರೆದಿದ್ದೆ.
ಅಳಿಸಿದೆ. ಮತ್ತೆ ಓಡಿಸಿದೆ.
ಸಣ್ಣತಾಯಮ್ಮ ಬಂದಳು,
ಬಾರದ ಹನ್ನೊಂದು ದಿನವನ್ನೂ ಸೆರಗಲ್ಲಿ ಕಟ್ಟಿಕೊಂಡು.

"ಮುಂದಕ್ಕೆ ಇನ್ನೇನಾದರೂ ಸೇರಿಸಬೇಕಾ?" ಎಂದೆ.
"ಹಸ ಅದೆ, ಎಮ್ಮೆ ಅದೆ. ಸಾಕು.
ಪುಟ್ಟಸ್ವಾಮಣ್ಣನ ಸೊಸೆ ಮೇಕೆ ಕಟ್ಟವ್ಳೆ,
ಯಾರು ಕಂಡೋರು."

ನಮ್ಮಜ್ಜಿ ಮಣ್ಣಿನ ಗೋಡೆ ಎಬ್ಬಿಸುವಾಗ
ಹಸಿಯಿರುವಾಗಲೇ ಒಂದು ಗೂಟ ಹೆಚ್ಚಿಗೆ ಹುಗಿಸುತ್ತಿದ್ದಳು.
ಏನು ನೇತುಹಾಕೋಕೆ ಅಂದರೆ
ನಂಗೇನು ಗೊತ್ತು ಅನ್ನುತ್ತಿದ್ದಳು,
ಒಣಗಿದ ಮೇಲೆ ಹೊಡೆದರೆ ಗೋಡೆ ಬಿರಿಯುತ್ತೆ.
ಪ್ರತಿ ರಾಸಿನ ಅಚ್ಚಿನಲ್ಲೂ ನಾನೊಂದು ಗೂಟ ಬಿಟ್ಟೆ,
ಮೇಕೆಗೆಂದೇ ಅಂದುಕೊಂಡು.

ಸರತಿ ಬಾಗಿಲು ದಾಟಿತ್ತು. ಪರದೆಗೆ ಬಗ್ಗಿ
ನಿಜದ ಸಣ್ಣತಾಯಮ್ಮ ಕೇಳಿದಳು:
"ನನ್ನ ಹೆಸ್ರು ಅದೆ. ನನ್ನ ಎಮ್ಮೆದು?"
ಅದಕ್ಕೆ ಕಾಲಮ್ಮೇ ಇರಲಿಲ್ಲ, ಹದಿನಾಲ್ಕು ವರ್ಷ.
"ಏನು ಅದರ ಹೆಸರು?"
"ಮುತ್ತಿ."

ಗೂಟಕ್ಕೆ ನೇತುಹಾಕಿದೆ.
ಯಂತ್ರ ಕಿರ್ ಎಂದಿತು. ಫ್ಯಾಟು ಆರು ಪಾಯಿಂಟ್ ಎರಡು.
ಹಿಂದಿನವರು ಆಗಲೇ ತಳ್ಳುತ್ತಿದ್ದರು.